ನೀಲಗಿರಿ ಸೌದೆಯ ಹೊಗೆ

ತುಂಬಿದ ವ್ಯಾನು ಪಣಕಹಳ್ಳಿಯ ತಿರುವಿನ ಹಳ್ಳಕ್ಕೆ ಇಳಿದರೆ ನರಳಿಕೊಂಡು ಮೇಲೇಳುತ್ತದೆ. ಖಾಲಿ ವ್ಯಾನು ತಗಡಿನ ಡಬ್ಬದ ಹಾಗೆ ಗಡಗಡಿಸುತ್ತದೆ. ಏಳು ವರ್ಷದಿಂದ ವಾರಕ್ಕೆರಡು ಸಲ ಕೇಳಿ ಕೇಳಿ ಹೊಲಿಗೆ ಶೆಡ್ಡಿನ ಹೆಂಗಸರಿಗೆಲ್ಲ ಆ ಎರಡು ಸದ್ದಿನ ಗುರುತು ಚೆನ್ನಾಗಿತ್ತು. ಗೌರಿ ಹಬ್ಬ ಕಳೆದು ವಾರವಾಗಿದ್ದ ಆ ಬುಧವಾರ ಗಡಗಡ ಸದ್ದು ಹತ್ತಿರ ಬಂದಂತೆ ಹನ್ನೆರಡು ಮಿಷನ್ನುಗಳೂ ಒಂದರ ಹಿಂದೆ ಒಂದು ನಿಂತುಹೋದವು.

ಶೆಡ್ಡು ಚಿಕ್ಕತಾಯಮ್ಮನದು. ಮೊದಲು ಅದು ಅರಿಶಿನ ತುಂಬಿಡುವ ಕೊಠಡಿಯಾಗಿತ್ತು. ಗಂಡ ಪುಟ್ಟಬಸಪ್ಪ ತೀರಿಕೊಳ್ಳುವುದಕ್ಕೆ ಒಂದು ವರ್ಷ ಮೊದಲು ಗೋಡೆಗೆ ಸುಣ್ಣ ಹೊಡೆಸಿ, ಕಿಟಕಿ ದೊಡ್ಡದು ಮಾಡಿಸಿ, ಹೊಲಿಗೆ ಮಿಷನ್ನು ಹಾಕಿಸಿದ್ದಳು. ತಿರುಪ್ಪೂರಿನ ಕಂಪೆನಿಯೊಂದು ಕತ್ತರಿಸಿದ ಬಟ್ಟೆ ಕಟ್ಟಿ ಕಳಿಸುತ್ತಿತ್ತು, ಇವರು ಹೊಲಿದು ಕಳಿಸುತ್ತಿದ್ದರು. ಎಲ್ಲವೂ ಹಸುಗೂಸುಗಳ ಅಂಗಿ, ಅಮೆರಿಕದ ಹಸುಗೂಸುಗಳದು. ನಡುವೆ ತಂದು ಒಯ್ಯುವವನು ಮೋಹನ. ತಾಳವಾಡಿಯಲ್ಲಿ ಹುಟ್ಟಿದವನು, ಹದಿನೈದು ವರ್ಷದಿಂದ ತಿರುಪ್ಪೂರಿನಲ್ಲಿದ್ದವನು.

ಬಾಗಿಲಲ್ಲಿ ನಿಂತ ಅವನನ್ನು ಸುನೀತ ಮೊದಲು ಕೆಣಕಿದಳು. ಅವಳು ಚಿಕ್ಕತಾಯಮ್ಮನ ಭಾವನ ಸೊಸೆ, ಬಾಯಿ ಜೋರು.

"ಯಾಕ ಮೋಹನಣ್ಣ, ಗಾಡಿ ಅಸ್ಕೊಂಡು ಬಂದದ?"

"ಇನ್ಮ್ಯಾಕ ಅದ್ಕ ಉಪಾಸನೇ ಕಣವ್ವ," ಎಂದು ಮೋಹನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕುಳಿತ. "ಅಮೆರಿಕದೋರು ಐವತ್ತು ಪರ್ಸೆಂಟ್ ಸುಂಕ ಆಕ್ಬುಟ್ರು. ನಮ್ಮ ಅಂಗಿ ಅಲ್ಲಿ ಯಾರೂ ತಗಳಂಗಿಲ್ಲ. ಕಂಪೆನಿ ಗೋಡೌನ್ ತುಂಬ ಸರಕು ಕುಂತದ. ಆರ್ಡರ್ರು ನಿಂತೋಯ್ತು."

"ಯಾಕಂತ? ಒಲಿಗ ಸರಿಯಿಲ್ವಂತಾ?" ಎಂದಳು ಇನ್ನೊಬ್ಬಳು.

"ಒಲಿಗ ಸರಿಯಾಗೇ ಅದ. ಅರ್ಧ ಸುಂಕ, ಇನ್ನರ್ಧ ದಂಡ. ನಮ್ ದೇಶ ರಷ್ಯಾದೋರ ತಾವ ಎಣ್ಣ ತಗಂತದಲ್ಲ, ಅದ್ಕ ದಂಡ."

"ಯಾವೆಣ್ಣ? ತಲಗ ಅಚ್ಚದಾ?" ಎಂದಳು ಸುನೀತ.

"ನಿನ್ ತಲಗ ಅಚ್ಚುದ್ರ ಬೆಂಕಿ ಅತ್ಕತದ. ಪೆಟ್ರೋಲು ಡೀಸೆಲ್ಲು ಮಾಡ ಎಣ್ಣ."

ನಗು ಎದ್ದು, ಬೇಗನೆ ಇಳಿಯಿತು. ಮೋಹನ ತನಗೆ ತಿಳಿದಷ್ಟು ಬಿಡಿಸಿ ಹೇಳಿದ. ರಷ್ಯಾದವರು ಪಕ್ಕದ ದೇಶದ ಮೇಲೆ ಯುದ್ಧಕ್ಕೆ ಹೋದದ್ದು, ಅಮೆರಿಕ ಯುರೋಪಿನವರೆಲ್ಲ ಸೇರಿ ಅವರ ಜೊತೆ ವ್ಯಾಪಾರ ಬೇಡವೆಂದದ್ದು, ಕೊಳ್ಳುವವರು ಕಡಮೆಯಾಗಿ ಅವರ ಎಣ್ಣೆ ಅಗ್ಗವಾದದ್ದು, ಅಗ್ಗವೆಂದು ನಮ್ಮವರು ಕೊಂಡದ್ದು. "ನಮ್ಮೂರ್ ಕಡ ಅಂತಾರಲ್ಲ, ಕಟ್ಟು ಆಕದು ಅಂತ. ಅದೇಯಾ. ರಷ್ಯಾದೋರ್ಗ ಕಟ್ಟು ಆಕವ್ರ. ಕಟ್ಟು ಮುರ್ದೋರ್ಗ ದಂಡ."

ಹೊಲಿದ ಅಂಗಿಗಳ ದಾರ ಕತ್ತರಿಸುತ್ತಿದ್ದ ಚಿಕ್ಕತಾಯಮ್ಮನ ಕತ್ತರಿ ಕೈಯಲ್ಲೇ ನಿಂತಿತು.

ಮೂಲೆಯ ಮಿಷನ್ನಿನಿಂದ ಪುಷ್ಪ ಕೇಳಿದಳು, "ಬ್ಯಾರೆಯೋರು ಯಾರೂ ಆ ಎಣ್ಣ ತಗಂಡಿಲ್ವಾ ಅಣ್ಣ?" ಪುಷ್ಪ ತಾಳಮಲೆ ಕಡೆಯ ಕಾಡಂಚಿನ ಹಟ್ಟಿಯವಳು. ಬೆಳಗಿನ ಬಸ್ಸಿಗೆ ತನ್ನ ಜೊತೆಗಾತಿ ಮಂಗಳಳೊಂದಿಗೆ ಬಂದು ಸಂಜೆ ಬಸ್ಸಿಗೆ ಹೋಗುವವಳು. ಆ ಶೆಡ್ಡಿನಲ್ಲಿ ಅವಳ ಕೈಯಂಥ ಕೈ ಇನ್ನೊಂದಿರಲಿಲ್ಲ. ಕೂಸಿನ ಕತ್ತಿನ ಪಟ್ಟಿಯನ್ನು ಒಂದು ಸುಕ್ಕಿಲ್ಲದೆ ತಿರುಗಿಸಿ ಹೊಲಿಯುವುದು ಅವಳಿಗೆ ಮಾತ್ರ ಬರುತ್ತಿತ್ತು.

"ತಗಂಡವ್ರ. ನಮ್ಗಿಂತ ಜಾಸ್ತಿ ಚೀನಾದೋರೇ ತಗಂಡವ್ರ. ಅವರ ಸಾಮಾನಿಲ್ದ ಅಮೆರಿಕದೋರ ಫ್ಯಾಕ್ಟ್ರಿ ನಡಿಯಾಕಿಲ್ಲ, ಅದ್ಕ ಅವ್ರ್ನ ಮುಟ್ನಿಲ್ಲ. ಅದೇ ಎಣ್ಣಲಿ ನಾವು ಡೀಸೆಲ್ ಮಾಡಿ ಕೊಟ್ರ ಯುರೋಪಿನೋರೂ ತಗಂಡವ್ರ."

"ಅಂಗಾರ ದಂಡ ಎಣ್ಣ ತಗಂಡೋರ್ಗಲ್ಲ. ಅಂಗಿ ಒಲ್ದೋರ್ಗ," ಎಂದಳು ಪುಷ್ಪ. ಯಾರನ್ನೂ ಬಯ್ಯುವ ದನಿಯಲ್ಲಿ ಹೇಳಲಿಲ್ಲ. ಲೆಕ್ಕ ಸರಿಹೋಯಿತೋ ಎಂದು ನೋಡುವವಳ ಹಾಗೆ ಹೇಳಿದಳು.

ಮೋಹನ ತಲೆ ಕೆರೆದುಕೊಂಡು ಚಿಕ್ಕತಾಯಮ್ಮನ ಕಡೆ ತಿರುಗಿದ. "ಒಂದ್ ಸಣ್ಣ ಆರ್ಡರ್ ಇಡ್ಕೊಂಡಿವ್ನಿ ಅಕ್ಕ. ಇಲ್ಲೀದೇ, ಇಸ್ಕೂಲ್ ಯೂನಿಫಾರಂ. ಐದು ಮಿಷನ್ಗ ಸಾಕು. ಸುಕ್ರವಾರ ಬಂಡಲ್ ತತ್ತೀನಿ. ಯಾವ ಐದು ಜನ ಅಂತ ನೀವೇ ನೋಡಿ. ಆ ತಾಳಮಲ ಕಡೆಯೋರ್ನ ನಿಲ್ಸ್ಬುಡಿ, ತಲನೋವು ಬ್ಯಾಡ. ಆನ ಬಂತು, ಬಸ್ ಬರ್ನಿಲ್ಲ ಅಂತ ವಾರಕ್ಕೊಂದಿನ ಲೇಟು."

ಎಲ್ಲರ ಎದುರಿಗೇ ಅಂದ. ಪುಷ್ಪ, ಮಂಗಳ ಇಬ್ಬರೂ ಅಲ್ಲೇ ಕುಳಿತಿದ್ದರು.

ಚಿಕ್ಕತಾಯಮ್ಮನ ಬಾಯಿಗೆ ಮಾತು ಬಂತು. ನಿನ್ನ ವ್ಯಾನಿನ ಕೆಲಸ ನೀನು ನೋಡಿಕೋ, ಪುಷ್ಪ ಇಲ್ಲದಿದ್ದರೆ ಈ ಶೆಡ್ಡಿಗೆ ಬೀಗ ಹಾಕಬೇಕು ಎನ್ನುವಷ್ಟು ಮಾತು. ಹಾಗೆ ಅಂದರೆ ಉಳಿದ ಹನ್ನೊಂದು ಮುಖಗಳು ತನ್ನನ್ನೇ ನೋಡುತ್ತವೆ ಎನ್ನಿಸಿತು. ಒಬ್ಬಳ ಹೆಸರು ಈಗಲೇ ಹಿಡಿದರೆ ಉಳಿದವರು ಎರಡು ದಿನ ನೆಮ್ಮದಿಯಾಗಿ ಅನ್ನ ತಿನ್ನುತ್ತಾರೆಯೇ? ಶುಕ್ರವಾರಕ್ಕೆ ಇನ್ನೂ ಹೊತ್ತಿದೆ. ಆಗ ಹೇಳಿದರಾಯಿತು. ಅವಳು ತಲೆ ತಗ್ಗಿಸಿ ಅಂಗಿಯೊಂದರ ದಾರವನ್ನು ಎಳೆದು ಕತ್ತರಿಸಿದಳು.

ತಲೆಯೆತ್ತಿದಾಗ ಪುಷ್ಪ ಅವಳನ್ನೇ ನೋಡುತ್ತಿದ್ದಳು. ಆಮೇಲೆ ಕೈಯಲ್ಲಿದ್ದ ಅಂಗಿಯನ್ನು ಮುಗಿಸಿ, ಮಡಿಸಿ, ಗಂಟಿನ ಮೇಲಿಟ್ಟು, ಮಿಷನ್ನಿಗೆ ಬಟ್ಟೆ ಹೊದಿಸಿದಳು. ಸಂಜೆ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು.

*

ಕಟ್ಟು ಎಂಬ ಮಾತನ್ನು ಮೋಹನ ಸುಮ್ಮನೆ ಬಳಸಿದ್ದ. ಅವನ ವಯಸ್ಸಿನವರು ಕಟ್ಟು ಕಂಡವರಲ್ಲ. ಚಿಕ್ಕತಾಯಮ್ಮ ಕಂಡಿದ್ದಳು, ತನ್ನ ಗೋಡೆಯ ಆಚೆಗೇ.

ಇಪ್ಪತ್ತಾರು ವರ್ಷದ ಹಿಂದಿನ ಮಾತು. ಭಾವ ನಂಜಯ್ಯನಿಗೂ ಊರ ಯಜಮಾನರ ಮನೆಗೂ ಒಂದು ಬದುವಿನ ಜಗಳ. ಊರಲ್ಲಿ ನ್ಯಾಯ ಕೂರಿಸುವುದನ್ನು ಬಿಟ್ಟು ನಂಜಯ್ಯ ನೇರ ತಾಳವಾಡಿಯ ಪೊಲೀಸು ಠಾಣೆಗೆ ಹೋದ. ಊರು ದಾಟಿದ್ದಕ್ಕೆ ತಪ್ಪು ಕಾಣಿಕೆ ಕೊಡು ಎಂದರು, ಕೊಡಲಿಲ್ಲ. ಕಟ್ಟು ಹಾಕಿದರು, ಅಂದಿನಿಂದ ಆ ಮನೆಗೆ ಬೆಂಕಿಯಿಲ್ಲ, ನೀರಿಲ್ಲ, ಆಳಿಲ್ಲ. ಅವರಿಂದ ಏನನ್ನೂ ಕೊಳ್ಳುವಂತಿಲ್ಲ, ಅವರಿಗೆ ಏನನ್ನೂ ಕೊಡುವಂತಿಲ್ಲ. ಆ ವರ್ಷವೇ ನಂಜಯ್ಯ ಎರಡು ಎಕರೆ ನೀಲಗಿರಿ ಮರ ಕಡಿಸಿದ್ದ. ಸೌದೆ ಮನೆಯ ಹಿಂದೆ ಗುಡ್ಡದ ಹಾಗೆ ಬಿದ್ದಿತ್ತು. ಹೊರಗಿನವನು ಕೊಳ್ಳಲು ಬಂದರೂ ಸಾಗಿಸಲು ಊರಿನ ಒಂದು ಗಾಡಿ ಎದ್ದುಬರಲಿಲ್ಲ.

ಇತ್ತ ಪುಟ್ಟಬಸಪ್ಪನ ಹತ್ತಿರ ಊರಿಗೆಲ್ಲ ಒಂದೇ ಆದ ದೊಡ್ಡ ಕೊಪ್ಪರಿಗೆಯಿತ್ತು. ಅರಿಶಿನ ಕಿತ್ತ ಮೇಲೆ ಗಡ್ಡೆಯನ್ನು ಬೇಯಿಸಿಯೇ ಒಣಗಿಸಬೇಕು. ತಡವಾದರೆ ಬಣ್ಣ ಕೆಡುತ್ತದೆ, ಗಡ್ಡೆ ಮೆತ್ತಗಾಗುತ್ತದೆ. ಸಂಕ್ರಾಂತಿ ಕಳೆದ ಮೇಲೆ ಎರಡು ತಿಂಗಳು ಅವರ ಅಂಗಳದಲ್ಲಿ ಬೆಂಕಿ ಆರುತ್ತಿರಲಿಲ್ಲ. ಆ ಬೆಂಕಿಗೆ ಸೌದೆ ಎಷ್ಟಿದ್ದರೂ ಸಾಲದು.

ಹಿತ್ತಲ ಗೋಡೆಯ ಮೇಲಿಂದ ಓರಗಿತ್ತಿ, ನಂಜಯ್ಯನ ಹೆಂಡತಿ ಬಸವಮ್ಮ ಒಂದು ದಿನ ಮೆಲ್ಲಗೆ ಕರೆದಳು. "ತಾಯಿ, ಅರ್ಧಕ್ಕಾದ್ರೂ ತಗಳವ್ವ. ಮಳ ಬಿದ್ರ ಎಲ್ಲ ಗೆದ್ಲಿಗೋಯ್ತದ."

ಅಂದು ಒಪ್ಪಿದ್ದು ಅಕ್ಕನ ಮೇಲಿನ ಕನಿಕರಕ್ಕೆ ಎಂದು ಚಿಕ್ಕತಾಯಮ್ಮ ಬಹಳ ಕಾಲ ತನಗೆ ತಾನೇ ಹೇಳಿಕೊಂಡಿದ್ದಳು. ಕನಿಕರ ಇರಲಿಲ್ಲವೆಂದಲ್ಲ. ಆದರೆ ಅರ್ಧ ಎಂಬ ಮಾತು ಕಿವಿಗೆ ಬಿದ್ದಾಗ ತನ್ನ ಎದೆ ಹೇಗೆ ಅರಳಿತ್ತು ಎನ್ನುವುದು ಅವಳಿಗೆ ಈಗಲೂ ನೆನಪಿದೆ.

ಸೌದೆ ಹೊರುವುದಕ್ಕೆ ಒಬ್ಬಳು ಬೇಕಿತ್ತು. ಕಾಡಂಚಿನ ಹಟ್ಟಿಯಿಂದ ಕೂಲಿಗೆ ಬಂದು ಸುಗ್ಗಿ ಮುಗಿಯುವವರೆಗೆ ಊರಲ್ಲೇ ಉಳಿಯುತ್ತಿದ್ದ ಕೆಂಪಮ್ಮ, ಪುಷ್ಪಳ ತಾಯಿ, ಬೆಳಗಿನ ಮಂಜಿನಲ್ಲಿ ಹಿತ್ತಲ ಓಣಿಯಿಂದ ಹೊರೆ ಹೊತ್ತು ತಂದು ಕೊಪ್ಪರಿಗೆಯ ಪಕ್ಕ ಹಾಕುತ್ತಿದ್ದಳು. ಐದು ವರ್ಷದ ಪುಷ್ಪ ಅವ್ವನ ಹಿಂದೆ ಎರಡು ಪುಳ್ಳೆ ಹಿಡಿದು ನಡೆದುಬರುತ್ತಿದ್ದಳು.

ಅಗ್ಗದ ಸೌದೆ ಸಿಕ್ಕಮೇಲೆ ಪುಟ್ಟಬಸಪ್ಪ ಬೇಯಿಸುವ ಕೂಲಿ ಇಳಿಸಿದ. ಊರೆಲ್ಲ ಅವನ ಅಂಗಳಕ್ಕೇ ಬಂತು. ಯಜಮಾನರ ಅರಿಶಿನವೂ ಬೆಂದದ್ದು ಅದೇ ಬೆಂಕಿಯಲ್ಲಿ. ನೀಲಗಿರಿಯ ಹೊಗೆಯನ್ನು ಬಚ್ಚಿಡಲು ಸಾಧ್ಯವೇ? ನೆಗಡಿಗೆ ಹಚ್ಚುವ ಮುಲಾಮಿನ ಹಾಗೆ ಮೂಗಿಗೆ ಏರುವ ಹೊಗೆ ಅದು. ಕಾಡಿನ ಯಾವ ಸೌದೆಯೂ ಹಾಗೆ ನಾರುವುದಿಲ್ಲ. ಊರೆಲ್ಲ ಆ ಹೊಗೆ ಕುಡಿದುಕೊಂಡು, ಗೊತ್ತಿಲ್ಲದವರ ಹಾಗೆ ತಮ್ಮ ತಮ್ಮ ಅರಿಶಿನ ಬೇಯಿಸಿಕೊಂಡು ಹೋಯಿತು. ಎರಡನೆಯ ವರ್ಷಕ್ಕೆ ಪುಟ್ಟಬಸಪ್ಪನಿಗೆ ಬೇರೆ ಸೌದೆ ಕೊಳ್ಳಲು ಗಿಟ್ಟುತ್ತಿರಲಿಲ್ಲ, ಇಳಿಸಿದ ಕೂಲಿಯನ್ನು ಏರಿಸುವಂತಿರಲಿಲ್ಲ. ಬಸವಮ್ಮನಿಗೆ ಮಾರಲು ಬೇರೆ ಗೋಡೆಯಿರಲಿಲ್ಲ. ಜಗಳವಾಡಿದ ದಿನವೂ ಇಬ್ಬರು ಓರಗಿತ್ತಿಯರು ಗೋಡೆಯ ಹತ್ತಿರ ಬರಲೇಬೇಕಿತ್ತು.

ಕೆಟ್ಟದ್ದು ಮೂರನೆಯ ವರ್ಷ. ಯಜಮಾನರ ತಮ್ಮ ಸತ್ಯಮಂಗಲದಿಂದ ತಾನೂ ಒಂದು ಕೊಪ್ಪರಿಗೆ ತರಿಸಿದ, ಚಿಕ್ಕದು. ಕಾಸು ಕೊಟ್ಟು ಸೌದೆ ಕೊಂಡು ಬೇಯಿಸಿದ. ಅವನ ಅಂಗಳಕ್ಕೆ ಒಬ್ಬರೂ ಹೋಗಲಿಲ್ಲ. ಆಗ ಅವನಿಗೆ ಕಟ್ಟು ನೆನಪಾಯಿತು.

ಬೆಂಕಿ ಬಿಟ್ಟು ಬರಲು ಆಗುವುದಿಲ್ಲವೆಂದು ಪುಟ್ಟಬಸಪ್ಪ ಹೇಳಿದ್ದರಿಂದ ನ್ಯಾಯ ಅವರ ಅಂಗಳದಲ್ಲೇ, ಕೊಪ್ಪರಿಗೆಯ ಪಕ್ಕದಲ್ಲೇ ಸೇರಿತು. ಕುದಿಯುವ ಅರಿಶಿನದ ಹಬೆ, ನೀಲಗಿರಿಯ ಹೊಗೆ, ನಡುವೆ ಟವೆಲು ಹಾಸಿ ಕುಳಿತ ಐದು ಜನ ಹಿರಿಯರು. ಗಂಡಸನ್ನು ಕೇಳಿದರೆ ಜಗಳ ಬೆಳೆಯುತ್ತದೆಂದು ಯಜಮಾನರು ಚಿಕ್ಕತಾಯಮ್ಮನನ್ನೇ ಕರೆದರು.

"ಈ ಸೌದ ಎಲ್ಲಿಂದ ಬತ್ತದವ್ವ?"

ಎಲ್ಲರಿಗೂ ಗೊತ್ತಿದ್ದದ್ದನ್ನು ಹೇಳಿದ್ದರೆ ಆಗುತ್ತಿದ್ದದ್ದು ಏನು? ಒಂದು ತಪ್ಪು ಕಾಣಿಕೆ, ನಾಲ್ಕು ದಿನದ ಮಾತು. ಅವಳೆಂದಳು, "ಕೆಂಪಮ್ಮ ತತ್ತಾಳ ಸೋಮಿ. ಎಲ್ಲಿಂದ ತತ್ತಾಳೋ ನಂಗ್ಗೊತ್ತಿಲ್ಲ. ಕಾಡಿಂದ ಅಂದ್ಕಂಡಿದ್ದಿ."

ಐದು ಜನರೂ ಒಂದು ಸಲ ಮೂಗೆಳೆದುಕೊಂಡರು. ಯಾರೊಬ್ಬರೂ ಇದು ಕಾಡಿನ ಸೌದೆಯ ಹೊಗೆಯಲ್ಲ ಎನ್ನಲಿಲ್ಲ. ಊರ ಮುಕ್ಕಾಲು ಪಾಲು ಅರಿಶಿನ ಇನ್ನೂ ಬೇಯುವುದಿತ್ತು. ಕೊಪ್ಪರಿಗೆ ಆರಿಸಿದರೆ ಎಲ್ಲರ ಗಡ್ಡೆಯೂ ಕೊಳೆಯುವುದಿತ್ತು. ತೀರ್ಮಾನ ಬೇಗ ಆಯಿತು. ಕೆಂಪಮ್ಮನನ್ನು ಇನ್ನು ಮುಂದೆ ಯಾರೂ ಹೊಲಕ್ಕೆ ಕರೆಯಬಾರದು.

ಮುಂದಿನ ತಿಂಗಳು ಕೆಂಪಮ್ಮ ದಿಂಬಂ ಘಾಟಿ ಇಳಿದು ಕೆಳಗಿನ ಬಯಲಿನ ಇಟ್ಟಿಗೆ ಗೂಡಿಗೆ ಹೋದಳು. ಮಗುವನ್ನು ತನ್ನ ಅವ್ವನ ಹತ್ತಿರ ಬಿಟ್ಟಿದ್ದಳು. ಐದು ವರ್ಷ ಬರಲಿಲ್ಲ. ಅದೇ ಮುಂಗಾರಿಗೆ ನಂಜಯ್ಯ ತಪ್ಪು ಕಟ್ಟಿ ಊರಿನ ಜೊತೆ ರಾಜಿಯಾದ.

ಮುಂದೆ ಟ್ರ್ಯಾಕ್ಟರಿನ ಹಿಂದೆ ಬರುವ ಹಬೆ ಮಿಷನ್ನು ಬಂದು ಕೊಪ್ಪರಿಗೆ ಮೂಲೆಗೆ ಬಿತ್ತು. ಈಗಲೂ ಅದು ಶೆಡ್ಡಿನ ಬಾಗಿಲ ಪಕ್ಕ ಬೋರಲು ಬಿದ್ದಿದೆ. ಮಧ್ಯಾಹ್ನ ಹೆಂಗಸರು ಅದರ ಬೆನ್ನಿಗೆ ಒರಗಿ ಬುತ್ತಿ ಉಣ್ಣುತ್ತಾರೆ. ಪುಷ್ಪ ಕೆಲಸ ಕೇಳಿಕೊಂಡು ಬಂದ ದಿನ ಚಿಕ್ಕತಾಯಮ್ಮ ಎರಡನೆಯ ಮಾತಾಡದೆ ಹೂಂ ಅಂದಿದ್ದಳು. ಅದರಿಂದ ಏನೋ ತೀರಿತು ಎಂದುಕೊಂಡಿದ್ದಳು.

*

ಗುರುವಾರ ಬೆಳಗಿನ ಬಸ್ಸಿಗೆ ಪುಷ್ಪ ಬರಲಿಲ್ಲ. ಮಂಗಳಳೂ ಬರಲಿಲ್ಲ. ಆನೆ ದಾರಿಗೆ ನಿಂತಿರಬೇಕು ಎಂದುಕೊಂಡು ಚಿಕ್ಕತಾಯಮ್ಮ ಹನ್ನೊಂದರವರೆಗೆ ದಾರಿ ನೋಡಿದಳು. ಉಳಿದವರು ಹಳೆಯ ಗಂಟಿನ ಕೊನೆಯ ಅಂಗಿಗಳನ್ನು ಹೊಲಿಯುತ್ತ ಒಬ್ಬರ ಮುಖ ಒಬ್ಬರು ನೋಡದೆ ಕುಳಿತಿದ್ದರು. ಸುನೀತಳ ಗಂಡ ಮಣಿಕಂಠ ತಿರುಪ್ಪೂರಿನ ಬಣ್ಣದ ಕಾರ್ಖಾನೆಯಲ್ಲಿದ್ದವನು, ಹಬ್ಬಕ್ಕೆಂದು ಬಂದು, ವಾಪಸು ಬರಬೇಡ ಎಂಬ ಫೋನು ಬಂದಮೇಲೆ ಜಗಲಿಯ ಮೇಲೆ ಕೂತುಬಿಟ್ಟಿದ್ದ.

ಚಿಕ್ಕತಾಯಮ್ಮ ಸೆರಗು ಸರಿಮಾಡಿಕೊಂಡು ಬಸ್ಸು ಹತ್ತಿದಳು. ಇಬ್ಬರಲ್ಲಿ ಪುಷ್ಪಳನ್ನಾದರೂ ಉಳಿಸಿಕೊಳ್ಳಬೇಕು. ನಿನ್ನ ಜಾಗ ನಿನ್ನದೇ, ನಾಳೆ ಬಾ ಎಂದು ಅವಳಿಗೆ ಹೇಳಬೇಕು. ಅದರ ಜೊತೆಗೆ ಅವಳವ್ವನಿಗೆ ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಹೊಲಗಳಲ್ಲಿ ಅರಿಶಿನದ ಎಲೆ ಸೊಂಟದೆತ್ತರ ಹಸಿರಾಗಿ ನಿಂತಿತ್ತು. ತಾಳವಾಡಿಯಲ್ಲಿ ಬಸ್ಸು ಬದಲಿಸಿ, ಕಾಡಿನ ದಾರಿ ಹಿಡಿದ ಮೇಲೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹತ್ತು ಸಲ ಜೋಡಿಸಿದಳು. ಹತ್ತು ಸಲವೂ ಅದು ಕೆಂಪಮ್ಮನ ಕಡೆ ಹೊರಟು ಪುಟ್ಟಬಸಪ್ಪನ ಮೇಲೆ, ಊರಿನ ಮೇಲೆ ತಿರುಗಿ ನಿಲ್ಲುತ್ತಿತ್ತು.

ಕೆಂಪಮ್ಮ ಮನೆಯ ಮುಂದೆ ಕುಳಿತು ಈಚಲು ಗರಿ ಸೀಳಿ ಪೊರಕೆ ಕಟ್ಟುತ್ತಿದ್ದಳು. ಪಕ್ಕದಲ್ಲಿ ಆರು ವರ್ಷದ ಮೊಮ್ಮಗಳು ಗರಿಗಳನ್ನು ಉದ್ದದ ಪ್ರಕಾರ ಜೋಡಿಸುತ್ತಿದ್ದಳು. ಚಿಕ್ಕತಾಯಮ್ಮನನ್ನು ಕಂಡು ಕೆಂಪಮ್ಮ ಎದ್ದು ಚಾಪೆ ಕೊಡವಿ ಹಾಸಿದಳು. ತಲೆ ಪೂರಾ ಬೆಳ್ಳಗಾಗಿತ್ತು.

"ಬನ್ನಿ ಅವ್ವ. ಬಿಸ್ಲಲ್ಲಿ ಬಂದಿರಿ."

"ಪುಷ್ಪ ಎಲ್ಲವ್ವ ಕೆಂಪಮ್ಮ? ಮೈಗ ಉಸಾರಿಲ್ವಾ?"

"ಉಸಾರಾಗವ್ಳ. ಓದ್ಲು. ಬೆಳಗ್ಗ ಮೊದುಲ್ ಬಸ್ಸಿಗ. ಗಂಡ ಎಂಡ್ತಿ ಇಬ್ರೂ."

"ಎಲ್ಲಿಗ?"

"ಉಡುಮಲ ಕಡ ಕೋಳಿ ಫಾರಂಗ. ಅಲ್ಲೇ ಇರಬೇಕಂತ, ಮನ ಕೊಡ್ತಾರಂತ. ಅಳಿಯ ಜಡೇಸ್ವಾಮಿಗ ಪರಿಚಯದೋರು ಆರ್ ತಿಂಗ್ಳಿಂದ ಕರೀತಿದ್ರು. ಒಲಿಗ ಕೆಲ್ಸ ಅದಲ್ಲ, ಯಾಕ ಓಗದು ಅಂತ ಇವ್ಳೇ ತಡ್ದಿದ್ಲು. ಮಂಗಳನೂ ಅವ್ರ್ಜೊತೆಲೆ ಓದ್ಲು."

ಚಿಕ್ಕತಾಯಮ್ಮ ಚಾಪೆಯ ಮೇಲೆ ಕುಳಿತಳು. "ನಾನವ್ಳ್ನ ನಿಲ್ಸ್ತಿರ್ನಿಲ್ಲ ಕಣ. ನಾಳ ಯೇಳಮ ಅಂತಿದ್ದಿ. ಅವಳ ಜಾಗ ಅವ್ಳ್ದೇ ಅಂತ ಯೇಳಕ್ಕೇ ಬಂದಿ."

ಕೆಂಪಮ್ಮ ಗರಿಯೊಂದನ್ನು ಸೀಳಿದಳು. "ಆವಯ್ಯ ಅಂದಾಗ ನೀವು ಸುಮ್ನಿದ್ರಂತಲ್ಲ ಅವ್ವ. ಸುಮ್ನಿದ್ರ ಅದೇ ಮಾತು ಅಂತ ಅನ್ಕಂಡ್ಲು. ಅವ್ಳ್ನ ಬಯ್ಯಕ್ಕಾದ್ದಾ?"

ಆ ಮೇಲಿನ ಮಾತು ಚಿಕ್ಕತಾಯಮ್ಮನಿಗೆ ಜೋಡಿಸಿದ ಹಾಗೆ ಬರಲಿಲ್ಲ. ಸೌದೆ, ಯಜಮಾನರು, ನ್ಯಾಯ ಎಂದು ತುಂಡು ತುಂಡಾಗಿ ಬಂತು. "ನಂಗ್ಗೊತ್ತಿಲ್ಲ ಅಂದ್ಬುಟ್ಟಿ. ಕಾಡಿಂದ ತತ್ತಾಳ ಅಂದ್ಬುಟ್ಟಿ. ನಿನ್ ಎಸ್ರು ಯೇಳ್ಬುಟ್ಟಿ ಕೆಂಪಮ್ಮ."

"ಗೊತ್ತು," ಎಂದಳು ಕೆಂಪಮ್ಮ. "ಆವತ್ತೇ ಗೊತ್ತಾಯ್ತು. ಬಸವಮ್ಮಾರೇ ಇತ್ಲಿಂದ ಕೂಗಿ ಯೇಳುದ್ರು."

"ಗೊತ್ತಿದ್ದೂ ಮಗಳ್ನ ನನ್ತಾಕ ಕಳ್ಸ್ದ?"

"ಕೆಲ್ಸ ಇದ್ದದ್ದು ನಿಮ್ತಾವ." ಕೆಂಪಮ್ಮ ನಕ್ಕಳು, ಹಲ್ಲು ಎರಡೇ ಉಳಿದಿದ್ದವು. "ನಾನು ಕೂತ್ಕಂಡು ಯೋಚ್ನ ಮಾಡಿವ್ನಿ ಅವ್ವ, ಗೂಡ್ತಾವ ಇಟ್ಗ ಉಯ್ಯವಾಗ. ನಿಮ್ ಕೊಪ್ರಿಗ ನಿಲ್ಸಕ್ಕಾಯ್ತಿತ್ತಾ? ಊರೋರ ಅರಿಸಿನ ಕೊಳ್ತೋಯ್ತದ. ಬಸವಮ್ಮಾರ್ಗ ಇನ್ನೇನ್ ಮಾಡಕ್ಕಾಯ್ತಿತ್ತು, ಆಗ್ಲೇ ಕಟ್ಟು ಆಕಿದ್ರು. ಉಳ್ದೋಳು ನಾನು. ನನ್ ನಿಲ್ಸುದ್ರ ಯಾರ ಒಲನೂ ನಿಲ್ತಿರ್ನಿಲ್ಲ."

ಮೊಮ್ಮಗಳು ಗರಿಯ ಕಟ್ಟನ್ನು ಅಜ್ಜಿಯ ಕೈಗೆ ಕೊಟ್ಟು, "ಅವ್ವ ಯಾವಾಗ ಬತ್ತದ?" ಎಂದಳು. ಬೆಳಗಿನಿಂದ ಎಷ್ಟನೆಯ ಸಲವೋ. ಕೆಂಪಮ್ಮ ಅವಳ ತಲೆಯ ಮೇಲೆ ಕೈಯಿಟ್ಟಳು. ಚಿಕ್ಕತಾಯಮ್ಮನ ಕಣ್ಣಿಗೆ ಎರಡು ಪುಳ್ಳೆ ಹಿಡಿದು ಮಂಜಿನಲ್ಲಿ ಬರುತ್ತಿದ್ದ ಇನ್ನೊಂದು ಮಗು ಕಂಡಿತು. ಆ ಮಗುವೂ ಐದು ವರ್ಷ ಹೀಗೇ ಯಾರನ್ನೋ ಕೇಳಿರಬೇಕು.

"ತಪ್ಪಾಯ್ತು ಕಣ ಕೆಂಪಮ್ಮ."

"ನಂಗ್ಯಾಕ ಯೇಳಿರಿ? ನಂಗ ಗೊತ್ತಿರದ್ನೇ. ಎಲ್ಲಿ ನಿಂತ್ಕಂಡು ಸುಳ್ಳೇಳುದ್ರೋ ಅಲ್ಲಿ ನಿಂತ್ಕಂಡು ಯೇಳಿ." ಕೋಪದಿಂದಲ್ಲ, ಬಸ್ಸಿನ ದಾರಿ ಕೇಳಿದವರಿಗೆ ಹೇಳುವ ಹಾಗೆ ಹೇಳಿದಳು. ಆಮೇಲೆ ಬೆಲ್ಲದ ಕಾಪಿ ಕಾಯಿಸಿಕೊಟ್ಟಳು. ಹೊರಡುವಾಗ ಒಂದು ಪೊರಕೆಯನ್ನೂ ಕೊಟ್ಟಳು. ಚಿಕ್ಕತಾಯಮ್ಮ ಅದನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದಳು.

ತಾಳವಾಡಿಯಲ್ಲಿ ಫೋನಿಗೆ ಸಿಗ್ನಲ್ಲು ಸಿಕ್ಕಿತು. ಪುಷ್ಪ ಎರಡನೆಯ ಕರೆಗೆ ಎತ್ತಿದಳು. ಹಿಂದೆ ಸಾವಿರಾರು ಕೋಳಿಗಳ ಗದ್ದಲ.

"ಪುಷ್ಪ, ವಾಪಸ್ ಬಾ ಕಣವ್ವ. ನಿನ್ ಮಿಷನ್ನ ಯಾರ್ಗೂ ಕೊಡಾಕಿಲ್ಲ."

"ಇಲ್ಲಕ್ಕ, ಇಲ್ಲಿ ಒಪ್ಕಂಡ್ಬುಟ್ಟೊ. ಅಡ್ವಾನ್ಸ್ ತಗಂಡೊ. ಸುನೀತಕ್ಕಂಗ ಕೊಡಿ, ಅವ್ರ ಮನಲಿ ಇಬ್ರೂ ಕೂತವ್ರಲ್ಲ." ಫೋನು ಇಡುವ ಮೊದಲು ಮತ್ತೆ ಅಂದಳು, "ನನ್ ಓವರ್‌ಲಾಕ್ ಮಿಷನ್ನಿನ ಎಡಗಡ ಸೂಜಿ ಬದ್ಲಾಯ್ಸಿ ಅಕ್ಕ. ಬಟ್ಟ ಕಚ್ತದ."

*

ಶುಕ್ರವಾರ ವ್ಯಾನು ನರಳಿಕೊಂಡೇ ಬಂತು, ತುಂಬಿದ್ದು ಅರ್ಧ ಮಾತ್ರ. ಹತ್ತೂ ಹೆಂಗಸರು ಬಂದಿದ್ದರು. ಯಾರೂ ಮಿಷನ್ನಿನ ಮುಂದೆ ಕುಳಿತಿರಲಿಲ್ಲ. ಬಸವಮ್ಮ ಪಕ್ಕದಲ್ಲಿ ತನ್ನ ಮನೆಯ ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಿದ್ದಳು. ಎಪ್ಪತ್ತೈದರ ಮುದುಕಿಗೆ ಅದೊಂದು ಕೆಲಸ ಬಿಟ್ಟರೆ ಬೇರೆ ಉಳಿದಿರಲಿಲ್ಲ. ಚಿಕ್ಕತಾಯಮ್ಮ ಎಲ್ಲರನ್ನೂ ಹೊರಗೆ ಕರೆದಳು. ಬೋರಲು ಬಿದ್ದ ಕೊಪ್ಪರಿಗೆಯ ಪಕ್ಕ, ತಾನು ಅಂದು ನಿಂತಿದ್ದ ಜಾಗವೇ ಇರಬೇಕು, ಅಲ್ಲಿ ನಿಂತಳು.

ನ್ಯಾಯ ಹೇಳಿದ ಐದು ಜನರಲ್ಲಿ ಒಬ್ಬರೂ ಉಳಿದಿರಲಿಲ್ಲ. ಪುಟ್ಟಬಸಪ್ಪನೂ ಇರಲಿಲ್ಲ. ಮಾತು ಕೇಳಿಸಿಕೊಳ್ಳಬೇಕಾದವರು ಯಾರೂ ಇಲ್ಲದ ಕಡೆ ನಿಂತು ಅವಳು ಮೊದಲಿಂದ ಕೊನೆಯವರೆಗೆ ಹೇಳಿದಳು. ಸೌದೆ ಯಾರದು, ಯಾಕೆ ಕೊಂಡಳು, ಯಾರು ಹೊತ್ತರು, ಕೇಳಿದಾಗ ತಾನು ಏನೆಂದಳು. ಬುಧವಾರ ಮೋಹನ ಅಂದಾಗ ತಾನು ಸುಮ್ಮನಿದ್ದದ್ದನ್ನೂ ಹೇಳಿದಳು. ಮೋಹನ ಕೈಯಲ್ಲಿದ್ದ ಬಂಡಲ್ಲನ್ನು ಕೆಳಗಿಡುವುದೋ ಬೇಡವೋ ಎಂದು ತಿಳಿಯದೆ ಹಿಡಿದೇ ನಿಂತಿದ್ದ.

ಮಾತು ಮುಗಿದ ಮೇಲೆ ಜಗಲಿಯಿಂದ ಬಸವಮ್ಮನ ದನಿ ಬಂತು. "ನಾನೂ ಗೋಡ ಇಂದ್ಗಡ ನಿಂತಿದ್ದಿ ತಾಯಿ. ಸೌದ ನಂದು ಅಂತ ಕೂಗ್ಬೋದಾಗಿತ್ತು. ಕೂಗುದ್ರ ನೀನು ತಗಳದ ನಿಲ್ಸ್ಬುಡ್ತಿದ್ದ. ಆಮ್ಯಾಕ ಯಾರ್ಗ ಮಾರ್ಲಿ? ಅವ್ಳ್ಗೊಂದು ಮಾತು ಇತ್ಲಿಂದ ಕೂಗಿ ಯೇಳ್ದಿ, ಅಷ್ಟೇಯಾ." ಕಡಲೆಕಾಯಿ ಸುಲಿಯುವ ಕೈ ನಿಲ್ಲಲಿಲ್ಲ.

ಹೆಂಗಸರಲ್ಲಿ ಒಬ್ಬಿಬ್ಬರು ಲೊಚಗುಟ್ಟಿದರು. ಒಬ್ಬಳು, ಪಾಪ ಕೆಂಪಮ್ಮ ಅಂದಳು. ಕೊನೆಗೆ ಸುನೀತ ನೆಲ ನೋಡುತ್ತ ಕೇಳಿದಳು. ಎರಡು ದಿನದಿಂದ ಅವಳ ನಾಲಿಗೆಯ ಮೊನಚೆಲ್ಲ ಹೋಗಿತ್ತು.

"ಅದಿರ್ಲಿ ಚಿಕ್ಕತ್ತ. ಐದ್ನೇ ಮಿಷನ್ನು ಯಾರ್ಗ?"

ನಾಲ್ಕು ಹೆಸರುಗಳನ್ನು ಚಿಕ್ಕತಾಯಮ್ಮ ಬೆಳಗ್ಗೆಯೇ ಹೇಳಿದ್ದಳು. ಐದನೆಯದು ಪುಷ್ಪಳದು, ಅದು ಹಾಗೇ ಇರಲಿ, ಯಾರೂ ಅದರ ಮುಂದೆ ಕೂರುವುದು ಬೇಡ ಎಂದು ಹೇಳಬೇಕೆಂದುಕೊಂಡು ರಾತ್ರಿಯೆಲ್ಲ ಹೊರಳಿದ್ದಳು. ಈಗ ಸುನೀತಳ ಹಿಂದೆ, ಜಗಲಿಯ ಕಂಬಕ್ಕೆ ಒರಗಿ ನಿಂತ ಮಣಿಕಂಠ ಕಂಡ. ಗಡ್ಡ ಬೋಳಿಸಿ ವಾರವಾಗಿತ್ತು. ಖಾಲಿ ಮಿಷನ್ನಿನಿಂದ ಕೆಂಪಮ್ಮನ ಮೊಮ್ಮಗಳಿಗೆ ಅವ್ವ ಸಿಗುವುದಿಲ್ಲ. ಅದು ತನ್ನ ಮನಸ್ಸಿನ ಸಮಾಧಾನಕ್ಕೆ ಇಡುವ ಹರಕೆ, ಅದರ ಕೂಲಿ ಮತ್ತೊಬ್ಬಳು ಕೊಡಬೇಕು. ಮತ್ತೆ ಅದೇ.

"ನೀನೇ ಕೂತ್ಕ," ಅಂದಳು. ಪುಷ್ಪಳೇ ಹೇಳಿದಳು ಎಂಬುದನ್ನು ಆಮೇಲೆ ಹೇಳಿದಳು, ಅದನ್ನಾದರೂ ಬಚ್ಚಿಡಬಾರದೆಂದು. ಸುನೀತ ಸೆರಗಿನಿಂದ ಮೂಗೊರೆಸಿಕೊಂಡು ಒಳಗೆ ಹೋದಳು. ಉಳಿದ ಐದು ಜನ ಬುತ್ತಿಯ ಚೀಲಗಳನ್ನು ಎತ್ತಿಕೊಂಡು, ಹೋಗಿ ಬರುತ್ತೇವೆ ಅನ್ನದೆ, ಒಬ್ಬೊಬ್ಬರಾಗಿ ಹೊರಟರು.

ಯೂನಿಫಾರಮ್ಮಿನ ದಾರ ಕಡುನೀಲಿ. ಮಿಷನ್ನಿನಲ್ಲಿ ಪುಷ್ಪ ಪೋಣಿಸಿಟ್ಟಿದ್ದ ಬಿಳಿ ದಾರ ಇನ್ನೂ ಇತ್ತು. ಹೊಸ ದಾರವನ್ನು ಹಳೆಯದರ ತುದಿಗೆ ಗಂಟು ಹಾಕಿ ಎಳೆದರೆ ಅದೇ ದಾರಿ ಹಿಡಿದು ಹೊಸದು ಬಂದು ಕೂರುತ್ತದೆ. ಇದನ್ನು ಶೆಡ್ಡಿನ ಎಲ್ಲರಿಗೂ ಕಲಿಸಿದವಳು ಪುಷ್ಪ. ಸುನೀತ ಗಂಟು ಹಾಕಿ ಮೆಲ್ಲಗೆ ಎಳೆದಳು. ಬಿಳಿಯ ಹಿಂದೆ ನೀಲಿ ಬಂತು. ಸುನೀತ ಬಿಳಿ ದಾರವನ್ನು ಕತ್ತರಿಸಿ ಕೆಳಗೆ ಬಿಟ್ಟಳು.

"ತಡಿ," ಅಂದಳು ಚಿಕ್ಕತಾಯಮ್ಮ. "ಎಡಗಡ ಸೂಜಿ ಬಟ್ಟ ಕಚ್ತದಂತ."

ಪೆಟ್ಟಿಗೆಯಿಂದ ಹೊಸ ಸೂಜಿ ತೆಗೆದು, ಕನ್ನಡಕ ಏರಿಸಿಕೊಂಡು, ಹಳೆಯದನ್ನು ತಾನೇ ಬಿಚ್ಚಿದಳು. ಬೆರಳಲ್ಲಿ ಹಿಡಿದು ಬೆಳಕಿಗೆ ನೋಡಿದಳು. ಮೊನೆ ಮೊಂಡಾಗಿ ಬಹಳ ದಿನವಾಗಿತ್ತು. ಪುಷ್ಪ ಇಷ್ಟು ದಿನ ಇದರಲ್ಲೇ, ಒಂದು ಸುಕ್ಕಿಲ್ಲದೆ ಹೊಲಿದಿದ್ದಳು. ಹೊಸದು ಬೇಕೆಂದು ಒಂದು ಮಾತು ಕೇಳಿರಲಿಲ್ಲ.

ಹೊಸ ಸೂಜಿ ಕೂರಿಸಿದ ಮೇಲೆ ಕೆಂಪಮ್ಮ ಕೊಟ್ಟ ಪೊರಕೆ ತೆಗೆದುಕೊಂಡು ಶೆಡ್ಡಿನ ನೆಲ ಗುಡಿಸತೊಡಗಿದಳು. ಅಮೆರಿಕದ ಕೂಸುಗಳ ಅಂಗಿಯ ಬಿಳಿ ದಾರವೆಲ್ಲ ಒಂದು ಕಡೆ ಕೂಡಿತು. ಹಿಂದೆ ಐದು ಮಿಷನ್ನುಗಳು ಶುರುವಾದವು. ಹನ್ನೆರಡರ ಸದ್ದಿಗೆ ಒಗ್ಗಿದ ಕಿವಿಗೆ ಅವು ಬಹಳ ದೂರದಲ್ಲಿ ಎಲ್ಲೋ ನಡೆಯುತ್ತಿರುವ ಹಾಗೆ ಕೇಳಿಸಿದವು.